ಹಾಳೂರು ದಿಬ್ಬದ ಬಿಲ್ಲೆಗಳು

ನೀಲಗಂಗಮ್ಮನವರ ಮಂಡಿನೋವಿಗೆ ದಿನ, ವಾರ, ಹಬ್ಬ ಎಲ್ಲ ಗೊತ್ತಿತ್ತು. ಹೊಸದುರ್ಗದಿಂದ ತವರಿನವರು ಬಂದ ದಿನ ಅದು ಇರುತ್ತಿರಲಿಲ್ಲ. ನವರಂಗ್ ಟಾಕೀಸಿಗೆ ದೇವರ ಪಿಚ್ಚರ್ ಬಂದ ವಾರವೂ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ, ಅದರಲ್ಲೂ ರೊಟ್ಟಿ ತಟ್ಟುವ ಹೊತ್ತಿಗೆ, ತಪ್ಪದೆ ಹಾಜರಾಗುತ್ತಿತ್ತು. ಹಾಗಾಗಿ ರಾಜಾಜಿನಗರದ ಆ ಮನೆಯಲ್ಲಿ ಮದುವೆಯಾಗಿ ಬಂದ ವರ್ಷದಿಂದಲೂ ರೊಟ್ಟಿ ತಟ್ಟುವ ಕೆಲಸ ಸೊಸೆ ಜಗದಾಂಬಾಳದು.

ತಟ್ಟಿದರಷ್ಟೇ ಸಾಲದು. ಮಾವ ಚನ್ನಮಲ್ಲಪ್ಪನವರು ತಾಲ್ಲೂಕು ಕಚೇರಿಯಿಂದ ರಿಟೈರಾದವರು. ಅವರಿಗೆ ರೊಟ್ಟಿ ಹಂಚಿನಿಂದ ನೇರವಾಗಿ ತಟ್ಟೆಗೆ ಬರಬೇಕು, ಬಂದಾಗ ಉಬ್ಬಿಕೊಂಡೇ ಇರಬೇಕು. ಆರಿದ ರೊಟ್ಟಿಯನ್ನು ಅವರು ಸಹಿ ಇಲ್ಲದ ಅರ್ಜಿಯ ಹಾಗೆ ಬದಿಗೆ ಸರಿಸಿಬಿಡುತ್ತಿದ್ದರು. ಗಂಡ ಶಿವಬಸಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಯಾವ ರೊಟ್ಟಿ ಕೊಟ್ಟರೂ ತಿನ್ನುವ ಸಾಧು ಪ್ರಾಣಿ. ಮಗಳು ಕೋಕಿಲಾ ಎರಡನೇ ಕ್ಲಾಸು.

ಇಸವಿ ಎಪ್ಪತ್ತಾರು. ಶ್ರಾವಣ ಮುಗಿದ ವಾರದಲ್ಲಿ ಒಂದು ದಿನ ಮಾವನ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ ಜಗದಾಂಬಾ ಮಾತು ತೆಗೆದಳು.

"ಮಾವ, ಯೂನಿವರ್ಸಿಟೀಲಿ ಪುರಾತತ್ವಕ್ಕೆ ಒಂದು ಫೆಲೋಶಿಪ್ ಕರೆದಿದಾರೆ. ಇರೋದು ಒಂದೇ ಸ್ಥಾನ. ಸಿಕ್ಕಿದ್ರೆ ಪಿಎಚ್.ಡಿ. ಮಾಡ್ಬೋದು. ಮೂರು ವರ್ಷ ತಿಂಗಳು ತಿಂಗಳು ಸಂಬಳದ ಹಾಗೆ ದುಡ್ಡು ಕೊಡ್ತಾರೆ. ಅರ್ಜಿ ಹಾಕೋಣ ಅಂತಿದೀನಿ."

"ಪುರಾತತ್ವ ಅಂದ್ರೆ ನೆಲ ಅಗೆಯೋದಲ್ವೇನಮ್ಮಾ?"

"ಅದೂ ಇರುತ್ತೆ ಮಾವ."

"ಅಗೆಯೋರಿಗೆ ಡಾಕ್ಟರ್ ಅನ್ನೋ ಹೆಸರು ಬೇರೆ." ಚನ್ನಮಲ್ಲಪ್ಪನವರು ರೊಟ್ಟಿಯ ಹೊಟ್ಟೆ ಒಡೆದು ಉಗಿ ಹೊರಗೆ ಬಿಟ್ಟರು.

ಹೊಸಿಲ ಹತ್ತಿರ ಕಾಲು ನೀಡಿ ಕೂತಿದ್ದ ನೀಲಗಂಗಮ್ಮ ಕೇಳಿದರು: "ಅಗೆಯೋದು ಎಲ್ಲಿ? ಇಲ್ಲೇ ಬೆಂಗಳೂರಲ್ಲಾ?"

"ಇಲ್ಲ ಅತ್ತೆ, ತುಂಗಭದ್ರಾ ಕಡೆ. ಸಂಕ್ರಾಂತಿ ಕಳೆದ್ಮೇಲೆ ಬೇಸಿಗೆ ಬರೋವರೆಗೆ ಅಲ್ಲೇ ಡೇರೆ ಹಾಕ್ಕೊಂಡು ಇರ್ತಾರೆ. ನಡುವೆ ಬಂದು ಹೋಗ್ಬೋದು."

"ಡೇರೇಲಿ. ಸರಿ. ಇಲ್ಲಿ ನೀರು ಹಿಡಿಯೋರು ಯಾರು, ಮಗೂಗೆ ಜಡೆ ಹಾಕೋರು ಯಾರು, ನಿಮ್ಮ ಮಾವನಿಗೆ ರೊಟ್ಟಿ ತಟ್ಟೋರು ಯಾರು?"

"ನೀವು ಸ್ವಲ್ಪ ದಿನ…"

"ನಾನು ಆಗಲ್ಲ ಅನ್ನಲ್ಲಮ್ಮ. ನನ್ನ ಮಂಡಿ ಆಗಲ್ಲ ಅನ್ನುತ್ತೆ."

ಈ ಮಾತಿಗೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಜಗದಾಂಬಾ ಗಂಡನ ಮುಖ ನೋಡಿದಳು. ಶಿವಬಸಪ್ಪ ಶೇಂಗಾ ಚಟ್ನಿಪುಡಿಗೆ ಎಣ್ಣೆ ಕಲಸುವುದರಲ್ಲಿ ಮುಳುಗಿಹೋಗಿದ್ದ. "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಈ ವರ್ಷ ಬಿಟ್ರೆ ನಂಗೆ ವಯಸ್ಸು ಮೀರಿಹೋಗುತ್ತೆ. ಮತ್ತೆ ಯಾವತ್ತೂ ಹಾಕೋ ಹಾಗಿಲ್ಲ," ಎಂದಳು ಜಗದಾಂಬಾ. ಅವಳ ದನಿ ಏರಲಿಲ್ಲ, ಆದರೆ ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಸೀದ ವಾಸನೆಗೆ ಹೆದರಿಯೋ ಏನೋ ಮಾವ ತೀರ್ಪು ಕೊಟ್ಟರು. "ಹಾಕ್ಲಿ ಬಿಡೇ. ಹಾಕಿದೋರಿಗೆಲ್ಲ ಸಿಗುತ್ತಾ? ಸಿಕ್ಕಾಗ ನೋಡೋಣ." ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಒಪ್ಪಿಗೆ ಅದು. ಜಗದಾಂಬಾಗೆ ಅದೇ ಸಾಕಾಗಿತ್ತು.

ಅವಳು ಎಂ.ಎ.ಯಲ್ಲಿ ಮೊದಲ ದರ್ಜೆ ಬಂದವಳು. ರಿಸಲ್ಟ್ ಬಂದ ತಿಂಗಳೇ ಮದುವೆ, ಮರುವರ್ಷ ಕೋಕಿಲಾ. ಓದಿದ್ದೆಲ್ಲ ಅಟ್ಟ ಸೇರಿತ್ತು. ಎರಡು ವರ್ಷದ ಹಿಂದೆ ಕೆಂಗೇರಿಯ ಆಚೆ ಯಾರದೋ ಮದುವೆಗೆ ಹೋದಾಗ, ಊಟದ ನಂತರ ಹೊಲದ ಕಡೆ ಸುತ್ತಾಡುತ್ತ ಒಂದು ದಿಬ್ಬ ಕಂಡಳು. ಊರವರು ಹಾಳೂರು ದಿಬ್ಬ ಅನ್ನುತ್ತಿದ್ದರು. ಮೇಲೆಲ್ಲ ಬೋಕಿ ಚೂರು, ಅಂದರೆ ಒಡೆದ ಮಡಕೆಯ ತುಂಡುಗಳು. ಒಂದನ್ನು ಎತ್ತಿ ನೋಡಿದರೆ ಒಳಮೈ ಕಪ್ಪು, ಹೊರಮೈ ಕೆಂಪು, ಎರಡೂ ಕಡೆ ನುಣುಪು. ಸಾವಿರಾರು ವರ್ಷದ ಹಿಂದಿನ ಮಡಕೆ ಹಾಗಿರುತ್ತದೆಂದು ಅವಳು ಪುಸ್ತಕದಲ್ಲಿ ಓದಿದ್ದಳು. ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಕೂತುಬಿಟ್ಟಿದ್ದಳು.

ಅಲ್ಲಿಂದ ಮುಂದೆ ಬಿಡುವಾದ ಭಾನುವಾರವೆಲ್ಲ ಬಿ.ಟಿ.ಎಸ್. ಬಸ್ಸು ಹತ್ತಿ ಆ ದಿಬ್ಬಕ್ಕೆ ಹೋಗುತ್ತಿದ್ದಳು. ಶಿವಬಸಪ್ಪ ಜೊತೆಗೆ ಹೋಗಿ ಹೊಂಗೆಮರದ ಕೆಳಗೆ ಪೇಪರ್ ಓದುತ್ತಿದ್ದ. ಗಂಡ ಹೆಂಡತಿ ತಿರುಗಾಡಿಕೊಂಡು ಬರಲಿ ಎಂದು ನೀಲಗಂಗಮ್ಮನವರೂ ಸುಮ್ಮನಿದ್ದರು. ಬರುವಾಗ ಸೊಸೆಯ ಚೀಲದಲ್ಲಿ ಹೂವಿಲ್ಲ, ಹಣ್ಣಿಲ್ಲ, ಬೋಕಿ ಚೂರು ಇರುವುದನ್ನು ಕಂಡು ಮಾತ್ರ, "ಕೆಲಸ ಇಲ್ಲದ ಆಚಾರಿ ಮಗನ ಕುಂಡಿ ಕೆತ್ತಿದನಂತೆ," ಎಂದು ಪಕ್ಕದ ಮನೆಯ ಅಲಮೇಲುಗೆ ಕೇಳುವಂತೆ ಹೇಳುತ್ತಿದ್ದರು.

ಸಂದರ್ಶನಕ್ಕೆ ಕರೆ ಬಂತು. ದೀಪಾವಳಿ ಕಳೆದ ಮೇಲೆ ಬರಬೇಕು; ಸ್ವಂತವಾಗಿ ಸುತ್ತಿ ಸಂಗ್ರಹಿಸಿದ್ದನ್ನು ತಂದು, ಅದರ ಮೇಲೆ ಏನು ಸಂಶೋಧನೆ ಮಾಡುವಿರಿ ಎಂದು ಮಂಡಳಿಯ ಮುಂದೆ ಹೇಳಬೇಕು. ಜಗದಾಂಬಾ ಏನು ಹೇಳಬೇಕೆಂದು ಆಗಲೇ ಗೊತ್ತುಮಾಡಿಕೊಂಡಿದ್ದಳು. ಮಡಕೆಯ ಜಾತಿ, ಕಾಲ ಎರಡೂ ತಿಳಿಯುವುದು ಬಾಯಿಯ ಅಂಚಿನಿಂದ. ಅಂಚು ಮಡಚಿದೆಯೋ, ಚಾಚಿದೆಯೋ, ಒಳಗೆ ಬಾಗಿದೆಯೋ ಎಂದು ನೋಡಿ ವಿಂಗಡಿಸಬೇಕು. ಅವಳು ಅಂಚಿರುವ ಚೂರುಗಳನ್ನೇ ಬೇರೆ ತೆಗೆದು, ತೊಳೆದು, ಹಿತ್ತಲಿನಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಒಣಗಲು ಇಟ್ಟಳು. ಆಮೇಲೆ ಡಬ್ಬ ತೆಗೆದುಕೊಂಡು ಸೀಮೆಎಣ್ಣೆ ಕ್ಯೂಗೆ ಹೋದಳು.

ಎಣ್ಣೆ ಸಿಕ್ಕಿ ಮನೆಗೆ ಬರುವಷ್ಟರಲ್ಲಿ ಹಿತ್ತಲಿನಿಂದ ಗರಗರ ಸದ್ದು ಬರುತ್ತಿತ್ತು. ನೀಲಗಂಗಮ್ಮ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಏನನ್ನೋ ತಿಕ್ಕುತ್ತಿದ್ದರು. ಪಕ್ಕದಲ್ಲಿ ಕೋಕಿಲಾ ಕುಕ್ಕರಗಾಲಿನಲ್ಲಿ ಕೂತು ನೀರು ಚಿಮುಕಿಸುತ್ತಿದ್ದಳು. ಗೋಣಿಚೀಲ ಹೆಚ್ಚುಕಡಿಮೆ ಬರಿದಾಗಿತ್ತು.

"ಅಮ್ಮಾ, ನೋಡು. ಅಜ್ಜಿ ಎಷ್ಟೊಂದು ಬಿಲ್ಲೆ ಮಾಡಿಕೊಟ್ಟಿದಾರೆ. ನಂಗೆ, ಅಲಮೇಲು ಆಂಟಿ ಮಕ್ಕಳಿಗೆ, ಎಲ್ಲಾರ್ಗೂ."

ಕುಂಟೆಬಿಲ್ಲೆ ಆಡುವ ಬಿಲ್ಲೆಗಳು. ಮಗುವಿನ ಹೆಂಚಿನ ಚೂರು ಒಡೆದುಹೋಗಿತ್ತು, ಅವಳು ಅತ್ತಿದ್ದಳು, ಅಜ್ಜಿಯ ಕರುಳು ತಡೆಯಲಿಲ್ಲ. ಬೋಕಿ ಚೂರು ಕಣ್ಣೆದುರೇ ಬಿದ್ದಿದೆ. ಅದೂ ಈಗಿನ ಮಡಕೆಯ ಹಾಗೆ ಪುಡಿ ಉದುರುವಂಥದಲ್ಲ, ಕಲ್ಲಿನಷ್ಟು ಗಟ್ಟಿ. ಗುಂಡುಕಲ್ಲಿನಿಂದ ಅಂಚನ್ನೆಲ್ಲ ಕುಟ್ಟಿ ತೆಗೆದು, ಗುಂಡಗೆ ಮಾಡಿ, ಕಲ್ಲಿನ ಮೇಲೆ ತಿಕ್ಕಿ ನುಣುಪು ಮಾಡಿದ್ದರು. ಒಂದು ಅಂಚೂ ಉಳಿದಿರಲಿಲ್ಲ.

ಜಗದಾಂಬಾ ಸೀಮೆಎಣ್ಣೆ ಡಬ್ಬ ಕೆಳಗಿಟ್ಟಳು. "ಎರಡು ವರ್ಷ ಅತ್ತೆ," ಎಂದಳು. "ಎರಡು ವರ್ಷ ಬಿಸಿಲಲ್ಲಿ ಆರಿಸಿ ತಂದಿದ್ದು. ಒಂದು ಮಾತು ಕೇಳೋಕಾಗ್ಲಿಲ್ವಾ ನಿಮಗೆ?"

"ಬೋಕಿ ಕಣೇ ಅದು. ಕೇಳೋದೇನು ಬೋಕೀನ?"

"ನಿಮಗೆ ಬೋಕಿ. ನನ್ನ ಜೀವನ ಅದು. ಅರ್ಜಿ ಹಾಕೋದು ಬೇಡ ಅನ್ನೋದಿದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೀಗೆ ಹಾಳು ಮಾಡ್ಬೇಕಾ?" ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವಳ ದನಿ ಕಾಂಪೌಂಡು ದಾಟಿತು.

ನೀಲಗಂಗಮ್ಮ ಕೈಯಲ್ಲಿದ್ದ ಬಿಲ್ಲೆಯನ್ನು ಕಲ್ಲಿನ ಮೇಲೆ ಇಟ್ಟರು. ಬೇಕೆಂದು ಮಾಡಿದೆ ಎಂದು ಸೊಸೆ ಅಂದುಬಿಟ್ಟಳಲ್ಲ ಎಂದು ಅವರಿಗೆ ಎದೆಯಲ್ಲಿ ಚುಚ್ಚಿದಂತಾಯಿತು. "ನನ್ನ ಮೊಮ್ಮಗಳು ಅತ್ಲು, ಮಾಡಿಕೊಟ್ಟೆ. ಒಡೆದ ಮಡಕೆಗೋಸ್ಕರ ಅತ್ತೇನ ಬೀದಿಗೆ ಕೇಳೋ ಹಂಗೆ ಬೈಯ್ತೀಯ. ನಿನ್ನ ಕೈಯ ಅನ್ನ ಇನ್ನು ನಂಗೆ ಬೇಡ," ಎಂದು ಎದ್ದುಹೋದರು.

ಮಾತಿನಂತೆಯೇ ನಡೆದುಕೊಂಡರು. ಅಂದು ಸಂಜೆಯಿಂದ ಅಡಿಗೆಮನೆಯ ಮೂಲೆಯಲ್ಲಿ ಇನ್ನೊಂದು ಸ್ಟೋವ್ ಹೊತ್ತಿತು. ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ತಮಗಷ್ಟೇ ಅನ್ನ ಸಾರು ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಇಬ್ಬರ ನಡುವೆ ಸಿಕ್ಕಿಕೊಂಡವರು ಚನ್ನಮಲ್ಲಪ್ಪ. ಸೊಸೆಯ ರೊಟ್ಟಿ ಬಿಟ್ಟರೆ ಸೊಸೆಗೆ ನೋವು, ಹೆಂಡತಿಯ ಸಾರು ಬಿಟ್ಟರೆ ಹೆಂಡತಿ ಬಿಡುವವಳಲ್ಲ. ಎರಡೂ ಕಡೆ ಉಂಡು ವಾರದೊಳಗೆ ಅಜೀರ್ಣ ತಂದುಕೊಂಡರು.

"ಇಬ್ಬರಲ್ಲಿ ಒಬ್ಬರು ಸೋಲ್ರಮ್ಮ," ಎಂದರು ಓಮದ ನೀರು ಕುಡಿಯುತ್ತ. "ನನ್ನ ಹೊಟ್ಟೆ ಏನು ತಪ್ಪು ಮಾಡಿತ್ತು?"

ಇಬ್ಬರೂ ಸೋಲಲಿಲ್ಲ. ಶಿವಬಸಪ್ಪ ತನಗೆ ತೋಚಿದ ಪರಿಹಾರ ಹೇಳಿದ: "ಭಾನುವಾರ ಹೋಗಿ ಮತ್ತೆ ಆರಿಸ್ಕೊಂಡು ಬರೋಣ. ಈ ಸಲ ನಾನೂ ಆರಿಸ್ತೀನಿ."

ಹೋದರು. ದಿಬ್ಬ ಇರಲಿಲ್ಲ. ಮಳೆ ನಿಂತ ಕೂಡಲೇ ಇಟ್ಟಿಗೆ ಗೂಡಿನವರು ಬಂದು ಮಣ್ಣು ಕಡಿದು ಹೊತ್ತಿದ್ದರು. ದಿಬ್ಬದ ಜಾಗದಲ್ಲಿ ಆಳೆತ್ತರದ ಗುಂಡಿ, ಅದರಲ್ಲಿ ನೀರು, ನೀರಲ್ಲಿ ಎರಡು ಎಮ್ಮೆ. ಜಗದಾಂಬಾ ಗುಂಡಿಯ ದಡದಲ್ಲಿ ಕೂತು ಅತ್ತಳು. ಶಿವಬಸಪ್ಪ ಅಂದು ಪೇಪರ್ ಬಿಡಿಸಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕೂತ.

"ನಾನು ಅವತ್ತು ಊಟಕ್ಕೆ ಕೂತಾಗಲೇ ನಿನ್ನ ಪರವಾಗಿ ಒಂದು ಮಾತು ಆಡ್ಬೇಕಿತ್ತು," ಎಂದ.

"ಆಡಿದ್ರೆ ಅಂಚು ಉಳಿತಿತ್ತಾ?"

"ಉಳಿತಿತ್ತೇನೋ. ಅದು ಬರೀ ಬೋಕಿ ಅಲ್ಲ ಅಂತ ಅಮ್ಮನಿಗೆ ಗೊತ್ತಾಗಿರೋದು." ಅವನ ಬಾಯಿಂದ ಅಷ್ಟು ನೇರವಾದ ಮಾತು ಕೇಳಿ ಜಗದಾಂಬಾ ಅಳು ನಿಲ್ಲಿಸಿ ಅವನನ್ನು ನೋಡಿದಳು.

ಮನೆಗೆ ಬಂದವಳು ಉಳಿದಿರುವುದನ್ನಾದರೂ ನೋಡೋಣ ಎಂದು ಎಲ್ಲವನ್ನೂ ನಡುಮನೆಯಲ್ಲಿ ಹರಡಿದಳು. ಅಂಚಿಲ್ಲದ ಸಾದಾ ಚೂರು ಒಂದಷ್ಟಿತ್ತು. ಮತ್ತೆ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ಗುಂಡನೆ ತುಂಡುಗಳು. ಇವೂ ದಿಬ್ಬದ ಮೇಲೇ ಸಿಕ್ಕಿದ್ದವು. ವಿಶ್ವವಿದ್ಯಾಲಯದವರು ಬೇರೆ ಕಡೆ ಅಗೆದಾಗಲೂ ಇಂಥವು ಸಿಕ್ಕಿ, ವರದಿಯಲ್ಲಿ ಸಣ್ಣ ಗಡಿಗೆಗಳ ಮುಚ್ಚಳ ಎಂದು ಒಂದು ಸಾಲು ಬರೆದು ಬಿಟ್ಟಿದ್ದರು. ಅವಳೂ ಅದನ್ನೇ ನಂಬಿ ಬದಿಗಿಟ್ಟಿದ್ದಳು.

ಕೋಕಿಲಾ ತನ್ನ ಬಿಲ್ಲೆಯನ್ನು ತಂದು ಆ ಮೂರರ ಪಕ್ಕದಲ್ಲಿ ಇಟ್ಟಳು. "ಇದೂ ಅಜ್ಜಿ ಮಾಡಿದ್ದಾ ಅಮ್ಮ?" ಎಂದು ಹಳೆಯದನ್ನು ತೋರಿಸಿ ಕೇಳಿದಳು.

ಜಗದಾಂಬಾ ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನ ಏಟುಗಳು ಎರಡರಲ್ಲೂ ಹೊರಮೈಯಿಂದ ಒಳಮೈಗೆ ಬಿದ್ದಿದ್ದವು. ಏಟಿನ ಮೇಲೆ ತಿಕ್ಕಿದ ಗೆರೆ ಎರಡರಲ್ಲೂ ಒಂದೇ ಓರೆ. ವ್ಯತ್ಯಾಸ ಒಂದೇ ಇತ್ತು. ಹಳೆಯ ಮೂರರಲ್ಲಿ ಉಬ್ಬಿದ ಮೈಯ ನಡುಭಾಗ ಸವೆದು ಬಣ್ಣ ಹೋಗಿತ್ತು. ಅತ್ತೆ ಮಾಡಿದ್ದರಲ್ಲಿ ಬಣ್ಣ ಹಾಗೇ ಇತ್ತು. ಮುಚ್ಚಳವಾಗಿದ್ದರೆ ಸವೆಯಬೇಕಾದ್ದು ಸುತ್ತಲ ಅಂಚು, ಹೊಟ್ಟೆಯಲ್ಲ. ಹೊಟ್ಟೆ ಸವೆಯಬೇಕಾದರೆ ಅದು ನೆಲದ ಮೇಲೆ ಜಾರಿರಬೇಕು, ಮತ್ತೆ ಮತ್ತೆ. ಹಾಗಾದರೆ ಇವೂ ಆಡುವ ಬಿಲ್ಲೆಗಳೇ ಇರಬಹುದೇ?

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವಳು ಅತ್ತೆಯ ಮುಂದೆ ನಿಂತಳು. "ಅತ್ತೆ, ಇನ್ನೊಂದಷ್ಟು ಬಿಲ್ಲೆ ಮಾಡಿಕೊಡಿ."

ಬಿಂದಿಗೆಗೆ ಹುಣಸೆಹಣ್ಣು ತಿಕ್ಕುತ್ತಿದ್ದ ನೀಲಗಂಗಮ್ಮ ಬಿಂದಿಗೆಗೇ ಉತ್ತರ ಕೊಟ್ಟರು. "ಮಾಡಿದ್ದಕ್ಕೆ ಬೈಸ್ಕೊಂಡಿದ್ದಾಯ್ತು. ಈಗ ಮಾಡದೆ ಇದ್ದಿದ್ದಕ್ಕೆ ಬೈಸ್ಕೋಬೇಕೇನೋ."

"ನಾನು ಅಂದಿದ್ದು ತಪ್ಪು. ನೀವು ಬೇಕಂತ ಮಾಡಿದ್ರಿ ಅಂದೆನಲ್ಲ, ಅದು ತಪ್ಪು. ಆ ಮಾತು ವಾಪಸ್ ತಗೋತೀನಿ. ಬೈದಿದ್ದು ಮಾತ್ರ ವಾಪಸ್ ತಗೊಳಲ್ಲ, ನಂಗೆ ಅಷ್ಟು ನೋವಾಗಿತ್ತು."

ನೀಲಗಂಗಮ್ಮ ತಲೆ ಎತ್ತಿದರು. ಪೂರ್ತಿ ಶರಣಾಗಿದ್ದರೆ ಅವರು ನಂಬುತ್ತಿರಲಿಲ್ಲವೋ ಏನೋ. "ಯಾವ ಬೋಕಿಲಿ ಮಾಡ್ಬೇಕು?" ಎಂದರು.

"ಅಂಚಿಲ್ಲದ ಹಳೇ ಚೂರಿದೆ. ಒಡೆದ ಹೊಸ ಮಡಕೇನೂ ಇದೆ. ಎರಡರಲ್ಲೂ ಮಾಡಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

"ನೋಡು. ಬಾಯಿ ಮಾತ್ರ ಹಾಕಬೇಡ."

ಆ ವಾರವೆಲ್ಲ ಅಡಿಗೆ ಹೊತ್ತು ಮೀರಿಯೇ ಆಗುತ್ತಿತ್ತು. ಅತ್ತೆ ಕುಟ್ಟುತ್ತಿದ್ದರು, ಸೊಸೆ ಅಳೆಯುತ್ತಿದ್ದಳು. ಒಂದು ಬಿಲ್ಲೆಯನ್ನು ಕಿರುಬಾಯಿಯ ಸಣ್ಣ ಗಡಿಗೆಗೆ ಮುಚ್ಚಳ ಮಾಡಿ ದಿನವೂ ಒಲೆಯ ಮೇಲಿಟ್ಟರು. ಇನ್ನೊಂದನ್ನು ಮುಟ್ಟದೆ ಡಬ್ಬಿಯಲ್ಲಿಟ್ಟರು. ಉಳಿದವನ್ನು ಬೀದಿಯ ಹೆಣ್ಣುಮಕ್ಕಳಿಗೆ ಹಂಚಿ, ಸ್ಕೂಲು ಬಿಟ್ಟ ಮೇಲೆ ಕತ್ತಲಾಗುವವರೆಗೆ ಆಡಬೇಕು, ರಾತ್ರಿ ವಾಪಸ್ ಕೊಡಬೇಕು ಎಂದು ಕರಾರು ಮಾಡಿದರು. ಆಡಿ ಎಂದು ದೊಡ್ಡವರು ಬಲವಂತ ಮಾಡುವ ಬೀದಿ ಇಡೀ ರಾಜಾಜಿನಗರದಲ್ಲಿ ಅದೊಂದೇ ಇದ್ದಿರಬೇಕು. ಮೂಲೆಯ ಎರಡನೇ ಸ್ಟೋವ್ ಯಾವಾಗ ಆರಿತೆಂದು ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಚನ್ನಮಲ್ಲಪ್ಪನವರ ಹೊಟ್ಟೆಯೊಂದೇ.

ಆದರೆ ಬಿಲ್ಲೆಗಳ ಹೊಟ್ಟೆ ಸವೆಯಲಿಲ್ಲ. ಜಗದಾಂಬಾಗೆ ಹೆದರಿಕೆಯಾಯಿತು. ಒಂದು ಸಂಜೆ ಅವಳೂ ಅತ್ತೆಯೂ ಗೇಟಿನ ಹತ್ತಿರ ನಿಂತು ನೋಡಿದರು. ಮಕ್ಕಳು ನೆಲದ ಮೇಲೆ ಗೆರೆ ಎಳೆದು ಮಾಡಿದ ಮನೆಗಳೊಳಕ್ಕೆ ಬಿಲ್ಲೆ ಎಸೆದು, ಕುಂಟಿಕೊಂಡು ಹೋಗಿ, ಬಗ್ಗಿ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದರು.

"ಇದ್ಯಾವ ಸೀಮೆ ಆಟ?" ಎಂದರು ನೀಲಗಂಗಮ್ಮ. "ಕೈಯಲ್ಲಿ ಎತ್ತೋದಂತೆ. ಕುಂಟ್ತಾ ಕುಂಟ್ತಾ ಅದೇ ಕಾಲಲ್ಲಿ ಬಿಲ್ಲೇನ ಮನೆಯಿಂದ ಮನೆಗೆ ತಳ್ಕೊಂಡು ಹೋಗ್ಬೇಕು ಕಣ್ರೇ."

"ಹೇಗಜ್ಜೀ?" ಎಂದಳು ಕೋಕಿಲಾ.

ಹೇಗೆಂದು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯಲಿಲ್ಲ. ನೀಲಗಂಗಮ್ಮ ಸೆರಗು ಸಿಕ್ಕಿಸಿದರು, ನೆರಿಗೆ ಎತ್ತಿ ಹಿಡಿದರು, ಎಡಗಾಲು ಮಡಚಿದರು. ಬಲಗಾಲಿನಲ್ಲಿ ಕುಪ್ಪಳಿಸಿ ಬಿಲ್ಲೆಯನ್ನು ಒಂದನೇ ಮನೆಯಿಂದ ಎರಡಕ್ಕೆ ತಳ್ಳಿದರು, ಎರಡರಿಂದ ಮೂರಕ್ಕೆ. ಗೆರೆ ತುಳಿಯಲಿಲ್ಲ. ಅಲಮೇಲು ಜಗಲಿಯಿಂದ ಇಳಿದು ಬಂದರು. ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ಅರವತ್ತು ದಾಟಿದ ನೀಲಗಂಗಮ್ಮ ಎಂಟೂ ಮನೆ ಮುಗಿಸಿ ಬಿಲ್ಲೆಯನ್ನು ಆಚೆ ಹೊಡೆದಾಗ ಬೀದಿಯ ಮಕ್ಕಳೆಲ್ಲ ಕೇಕೆ ಹಾಕಿದರು.

ಜಗಲಿಯ ಕುರ್ಚಿಯಲ್ಲಿ ಚನ್ನಮಲ್ಲಪ್ಪನವರು ಪೇಪರನ್ನು ನಿಧಾನವಾಗಿ ಕೆಳಗಿಳಿಸಿದರು. "ಏನೇ," ಎಂದರು, "ನಿನ್ನ ಮಂಡಿ?"

ನೀಲಗಂಗಮ್ಮ ಇನ್ನೂ ಒಂಟಿಕಾಲಿನಲ್ಲೇ ಇದ್ದರು. ಎಡಗಾಲನ್ನು ಮೆಲ್ಲನೆ ನೆಲಕ್ಕೆ ಇಳಿಸಿದರು. ಗಂಡನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೊಸೆ ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದಳು.

"ಅದು ಕೂತು ಏಳೋ ನೋವು," ಎಂದರು ನೀಲಗಂಗಮ್ಮ ಗಂಭೀರವಾಗಿ. "ಕುಂಟೋದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅಲಮೇಲು ನಗು ತಡೆಯಲಾರದೆ ಹೇಳಿದರು: "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮತ್ತೆಗೆ ಒಂದೇ ಕಾಲು ಸಾಕು ನೋಡಿ ಜಗದಾಂಬಾ."

ಮಾರನೇ ದಿನ ನೀಲಗಂಗಮ್ಮ ತಾವಾಗಿಯೇ ಹೋಗಿ ರೊಟ್ಟಿಯ ಕಲ್ಲಿನ ಮುಂದೆ ಕೂತರು. "ನೀನು ಹೋಗಿ ಅದೇನೋ ಬರಿ," ಎಂದರು ಸೊಸೆಗೆ, ಹಿಟ್ಟು ನಾದುತ್ತ. ಮಕ್ಕಳು ಕಾಲಲ್ಲಿ ತಳ್ಳಲು ಕಲಿತರು. ದೀಪಾವಳಿಯ ಹೊತ್ತಿಗೆ ಬಿಲ್ಲೆಗಳ ಹೊಟ್ಟೆ ಸವೆದು ಬಣ್ಣ ಹೋಗಿತ್ತು, ದಿಬ್ಬದ ಮೂರರಲ್ಲಿ ಇದ್ದಂತೆಯೇ. ಮುಚ್ಚಳ ಮಾಡಿದ್ದರಲ್ಲಿ ಅಂಚಿಗೆ ಮಸಿ ಹಿಡಿದಿತ್ತು, ಹೊಟ್ಟೆ ಹಾಗೇ ಇತ್ತು.

ಸಂದರ್ಶನದ ದಿನ ಶಿವಬಸಪ್ಪ ರಜೆ ಹಾಕಿ ಜೊತೆಗೆ ಹೋದ. ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತಿದ್ದ ಉಳಿದವರೆಲ್ಲ ಗಂಡಸರು, ಟೈ ಕಟ್ಟಿದವರು. ಜಗದಾಂಬಾಳ ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ. ಅವಳನ್ನು ಕರೆದಾಗ ಶಿವಬಸಪ್ಪ ಎದ್ದು ನಿಂತ, ಏನು ಹೇಳಬೇಕೋ ತೋಚದೆ, "ಗೆರೆ ತುಳೀಬೇಡ," ಎಂದ.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಅಧ್ಯಕ್ಷರೇ ಆ ವರದಿ ಬರೆದವರು. ಜಗದಾಂಬಾ ಮೇಜಿನ ಮೇಲೆ ಪೇಪರ್ ಹಾಸಿ, ಬಿಲ್ಲೆಗಳನ್ನು ಸಾಲಾಗಿ ಇಟ್ಟು, ಮೊದಲಿಂದ ಹೇಳಿದಳು. ಅಂಚಿನ ಚೂರುಗಳು ಹಾಳಾದದ್ದನ್ನೂ ಬಚ್ಚಿಡಲಿಲ್ಲ. ಆಡಿದ್ದು, ಮುಚ್ಚಿದ್ದು, ಮುಟ್ಟದೆ ಇಟ್ಟದ್ದು ಎಂದು ಒಂದೊಂದನ್ನೂ ತೋರಿಸಿದಳು.

ಅಧ್ಯಕ್ಷರು ಕನ್ನಡಕ ತೆಗೆದು ಭೂತಗನ್ನಡಿ ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. "ನಾನು ಇವನ್ನ ಮುಚ್ಚಳ ಅಂತ ಬರೆದಿದೀನಲ್ಲಮ್ಮ," ಎಂದರು.

"ಓದಿದೀನಿ ಸಾರ್. ಕೆಲವು ಮುಚ್ಚಳಾನೇ ಇರ್ಬೋದು. ಮಸಿ ಇದ್ರೆ ಮುಚ್ಚಳ. ಈ ಮೂರರಲ್ಲಿ ಮಸಿ ಇಲ್ಲ."

"ಅಂದ್ರೆ ಆ ಕಾಲದ ಮಕ್ಕಳು ಕುಂಟೆಬಿಲ್ಲೆ ಆಡ್ತಿದ್ರು ಅಂತೀರಾ?"

"ಆಡ್ತಿದ್ರು ಅಂತ ಈಗಲೇ ಹೇಳಲ್ಲ ಸಾರ್. ನೆಲದ ಮೇಲೆ ಮತ್ತೆ ಮತ್ತೆ ಜಾರಿವೆ ಅಂತ ಮಾತ್ರ ಹೇಳ್ತೀನಿ. ಯಾಕೆ ಜಾರಿದ್ವು ಅನ್ನೋದನ್ನ ಮೂರು ವರ್ಷ ಕೊಟ್ರೆ ಹುಡುಕ್ತೀನಿ. ನೀವು ಅಗೆದಿದ್ರಲ್ಲಿ ಸಿಕ್ಕಿರೋದನ್ನೆಲ್ಲ ನೋಡ್ಬೇಕು."

ಎಡಗಡೆಯವರು ನಕ್ಕರು. ಅಧ್ಯಕ್ಷರೂ ನಕ್ಕರು. "ಸವೆಸಿದೋರು ಯಾರು?"

"ನನ್ನ ಮಗಳು, ಬೀದಿ ಮಕ್ಕಳು. ಆಟ ಹೇಳಿಕೊಟ್ಟಿದ್ದು ನಮ್ಮ ಅತ್ತೆ."

ಬಲಗಡೆಯವರು ಕೇಳಿದರು: "ಮಗು ಇದೆ ಅಂತೀರಿ. ಕ್ಯಾಂಪಿಗೆ ಬಂದ್ರೆ ಮನೆ ನೋಡ್ಕೊಳೋರು ಯಾರ್ರೀ? ನಡುವೆ ಬಿಟ್ಟು ಹೋದ್ರೆ ಈ ಸ್ಥಾನ ಹಾಳು."

ಮನೆಯಲ್ಲಿ ಈ ಪ್ರಶ್ನೆಗೆ ಯಾರೂ ಬಾಯಿಬಿಟ್ಟು ಉತ್ತರ ಕೊಟ್ಟಿರಲಿಲ್ಲ. "ನಮ್ಮ ಅತ್ತೆ ನೋಡ್ಕೋತಾರೆ," ಎಂದಳು ಜಗದಾಂಬಾ. "ಅವರಿಗೆ ಮಂಡಿನೋವಿತ್ತು. ಈಗ ವಾಸಿಯಾಗಿದೆ."

ಹದಿನೈದು ದಿನವಾದರೂ ಸುದ್ದಿಯಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ನೀಲಗಂಗಮ್ಮನವರಿಗೆ ಗೇಟಿನ ಹತ್ತಿರವೇ ಏನಾದರೂ ಕೆಲಸವಿರುತ್ತಿತ್ತು. ಕೊನೆಗೆ ಉದ್ದನೆಯ ಲಕೋಟೆ ಬಂದಾಗ ಅದನ್ನು ಸೊಸೆಗೆ ಕೊಡದೆ ಗಂಡನ ಕೈಗೆ ಕೊಟ್ಟರು. "ಓದಿ. ನಿಧಾನಕ್ಕೆ ಓದಿ."

ಚನ್ನಮಲ್ಲಪ್ಪನವರು ಸರ್ಕಾರಿ ಆದೇಶ ಓದುವ ದನಿಯಲ್ಲಿ ಓದಿದರು. ಫೆಲೋಶಿಪ್‌ಗೆ ಶ್ರೀಮತಿ ಜಗದಾಂಬಾ ಅವರನ್ನು ಆಯ್ಕೆ ಮಾಡಲಾಗಿದೆ ಎಂಬಲ್ಲಿಗೆ ಬಂದಾಗ ಕನ್ನಡಕ ಸರಿಮಾಡಿಕೊಂಡು ಅದೇ ಸಾಲನ್ನು ಮತ್ತೊಮ್ಮೆ ಓದಿದರು. ಜಗದಾಂಬಾ ಅಡಿಗೆಮನೆಯ ಬಾಗಿಲಿಗೆ ಒರಗಿ ಜೋರಾಗಿ ನಕ್ಕಳು. ಸೊಸೆ ಹಾಗೆ ನಗುವುದನ್ನು ಆ ಮನೆ ಕಂಡಿರಲಿಲ್ಲ. ಕೋಕಿಲಾ ಬೀದಿಗೆ ಓಡಿ, "ನಾವು ಪಾಸು," ಎಂದು ಮನೆಮನೆಗೂ ಸಾರಿದಳು.

"ಸಿಕ್ಕಾಗ ನೋಡೋಣ ಅಂದಿದ್ರಿ ಅಪ್ಪ," ಎಂದ ಶಿವಬಸಪ್ಪ. "ಸಿಕ್ಕಿದೆ. ಸಂಕ್ರಾಂತಿ ಕಳೆದ್ಮೇಲೆ ಹೋಗ್ತಾಳೆ. ನೀರು ನಾನು ಹಿಡೀತೀನಿ. ಜಡೆ ಹಾಕೋದು ಅಮ್ಮ ಕಲಿಸ್ಲಿ, ಕಲೀತೀನಿ." ದೀಪ ಕೊನೆಗೂ ಅಡ್ಡಗೋಡೆಯಿಂದ ಇಳಿದಿತ್ತು.

ಚನ್ನಮಲ್ಲಪ್ಪನವರು ಹೆಂಡತಿಯ ಮುಖ ನೋಡಿದರು. ನೀಲಗಂಗಮ್ಮ, "ನನ್ನ ಮುಖ ಯಾಕೆ ನೋಡ್ತೀರಿ? ರೊಟ್ಟಿ ಆರಿದ್ರೂ ತಿನ್ನೋದು ನೀವು ಕಲೀರಿ," ಎಂದು ಒಳಗೆ ಹೋದರು.

ಜಗದಾಂಬಾ ಹೋದಳು. ಮೊದಲ ಸಲ ಮನೆಗೆ ಬಂದದ್ದು ಯುಗಾದಿಗೆ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಉಗುರಿನ ಸಂದಿನಲ್ಲಿ ಕೆಂಪು ಮಣ್ಣು, ಅಂಗೈಯಲ್ಲಿ ಬೊಬ್ಬೆ. ಹಬ್ಬಕ್ಕೆಂದು ಹೊಸದುರ್ಗದಿಂದ ನೀಲಗಂಗಮ್ಮನವರ ಅಕ್ಕ ಲಿಂಗಮ್ಮ ಬಂದಿದ್ದರು, ಜೊತೆಗೆ ಅವರ ಗಂಡ, ಮಗ. ಮಧ್ಯಾಹ್ನ ಲಿಂಗಪೂಜೆ ಮುಗಿದು ನಡುಮನೆಯಲ್ಲಿ ಎಲೆ ಹಾಕಿದರು. ಆ ಮನೆಯಲ್ಲಿ ಮೊದಲ ಪಂಕ್ತಿ ಗಂಡಸರದು. ಹೆಂಗಸರು ಬಡಿಸಿ, ಎಲ್ಲರೂ ಎದ್ದ ಮೇಲೆ ಅಡಿಗೆಮನೆಯಲ್ಲಿ ಉಣ್ಣುವುದು. ಜಗದಾಂಬಾ ಕೈಕಾಲು ತೊಳೆದು ಹೋಳಿಗೆಯ ತಟ್ಟೆ ಎತ್ತಿಕೊಳ್ಳಲು ಬಂದಳು.

ನೀಲಗಂಗಮ್ಮ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡರು. ಚನ್ನಮಲ್ಲಪ್ಪನವರ ಎಲೆಗೂ ಶಿವಬಸಪ್ಪನ ಎಲೆಗೂ ನಡುವೆ ಒಂದು ಮಣೆ ಹಾಕಿ, ಮುಂದೆ ಎಲೆ ಹಾಸಿ, ನೀರು ಚಿಮುಕಿಸಿದರು.

"ಕೂತ್ಕೋ," ಎಂದರು.

"ಅತ್ತೆ, ನಾನು ಆಮೇಲೆ ನಿಮ್ಮ ಜೊತೆ…"

"ಕೂತ್ಕೋ ಅಂದೆ."

ಲಿಂಗಮ್ಮ ಪಲ್ಯದ ಪಾತ್ರೆ ಹಿಡಿದು ನಿಂತಲ್ಲೇ ನಿಂತರು. "ಇದೇನೇ ನೀಲಿ, ಗಂಡಸರ ಪಂಕ್ತೀಲಿ ಸೊಸೇನಾ?"

"ಮಣ್ಣಲ್ಲಿ ದುಡಿದು ಬಂದವಳೆ ಅಕ್ಕ. ದುಡಿದು ಬಂದೋರು ಮೊದಲು ಉಣ್ಣಲಿ," ಎಂದರು ನೀಲಗಂಗಮ್ಮ, ಹೋಳಿಗೆಯ ಮೇಲೆ ತುಪ್ಪ ಹಾಕುತ್ತ. "ಪಲ್ಯ ಹಾಕು, ನಿಂತ್ಕೊಂಡು ಏನು ನೋಡ್ತೀಯ."

ಚನ್ನಮಲ್ಲಪ್ಪನವರು ಸ್ವಲ್ಪ ಸರಿದು ಸೊಸೆಗೆ ಜಾಗ ಮಾಡಿಕೊಟ್ಟರು. ಜಗದಾಂಬಾ ಕೂತಳು. ಎಲೆಯ ಮೇಲಿನ ಹೋಳಿಗೆ ಕಣ್ಣಿಗೆ ಮಂಜಾಗಿ ಕಂಡಿತು. ಅವಳಿಗೆ ಅಳುವೂ ಬಂತು, ಹಸಿವೂ ಬಂತು. ಹಸಿವೇ ಗೆದ್ದಿತು. ಮೊದಲನೆಯದನ್ನು ಮುಗಿಸಿ, ಅತ್ತೆ ಕೇಳುವ ಮೊದಲೇ, "ಇನ್ನೊಂದು ಹಾಕಿ ಅತ್ತೆ," ಎಂದಳು.